ಹಳೆಯ ಪೋರ್ಷೆ ಕಾರಿನ ಹೀಟರ್‌ನಿಂದ ವಿಷಗಾಳಿ ಬರುತ್ತದೆಯೇ? ಎಕ್ಸಾಸ್ಟ್ ಪೈಪ್ ಬದಲಿಸುವುದರ ಹಿಂದಿನ ಸತ್ಯ

ಕಾರುಗಳ ಬಗ್ಗೆ ವಾಟ್ಸಾಪ್‌ನಲ್ಲಿ ಹರಿದಾಡುವ ಸಂದೇಶಗಳಲ್ಲಿ ಎರಡು ಬಗೆಯವು ಆಗಾಗ ಕಣ್ಣಿಗೆ ಬೀಳುತ್ತವೆ. ಒಂದು, ಹಳೆಯ ಸ್ಪೋರ್ಟ್ಸ್ ಕಾರಿಗೆ ಫಳಫಳ ಹೊಳೆಯುವ ಎಕ್ಸಾಸ್ಟ್ ಪೈಪ್ ಹಾಕಿ, ಗುಡುಗಿನಂತೆ ಸದ್ದು ಮಾಡಿಸಿ, ‘ಪೈಪ್ ಬದಲಿಸಿದರೆ ಸಾಕು, ಪವರ್ ಎಲ್ಲಿಂದೆಲ್ಲಿಗೋ ಹೋಗುತ್ತದೆ’ ಎನ್ನುವ ವಿಡಿಯೊ. ಇನ್ನೊಂದು, ‘ಕಾರಿನ ಹೀಟರ್, ಎಸಿ ಎರಡೂ ವಿಷದ ಡಬ್ಬಿ, ಹಾಕಿಕೊಂಡು ಮಲಗಿದವರು ಮತ್ತೆ ಏಳಲಿಲ್ಲ, ತಕ್ಷಣ ಎಲ್ಲರಿಗೂ ಕಳಿಸಿ’ ಎನ್ನುವ ಎಚ್ಚರಿಕೆ.

ನೋಡಲು ಇವೆರಡಕ್ಕೂ ಸಂಬಂಧವೇ ಇಲ್ಲ. ಆದರೆ ಎರಡರಲ್ಲೂ ಅರ್ಧ ಸತ್ಯವಿದೆ, ಮತ್ತು ಆ ಎರಡು ಅರ್ಧ ಸತ್ಯಗಳು ಒಂದೇ ಜಾಗದಲ್ಲಿ ಬಂದು ಸೇರುತ್ತವೆ. ಆ ಜಾಗವೇ ಪೋರ್ಷೆ 911ರಂಥ ಹಳೆಯ ಕಾರುಗಳ ಹಿಂಭಾಗದಲ್ಲಿ, ಎಂಜಿನ್ ಕೆಳಗಿರುವ ‘ಹೀಟ್ ಎಕ್ಸ್‌ಚೇಂಜರ್’ ಎಂಬ ತಗಡಿನ ಪೆಟ್ಟಿಗೆ. ಅದು ಹೇಗೆ ಕೆಲಸ ಮಾಡುತ್ತದೆ, ಯಾಕೆ ಬದಲಿಸಬೇಕಾಗುತ್ತದೆ, ಬದಲಿಸದಿದ್ದರೆ ಏನಾಗುತ್ತದೆ ಎಂಬುದು ಅರ್ಥವಾದರೆ, ನಮ್ಮ ನಿಮ್ಮ ಮನೆಯ ಕಾರು ಮತ್ತು ಬಚ್ಚಲುಮನೆಯ ಬಗ್ಗೆಯೂ ಒಂದು ಮುಖ್ಯ ವಿಷಯ ತಿಳಿಯುತ್ತದೆ.

ನೀರೇ ಇಲ್ಲದ ಎಂಜಿನ್‌ಗೆ ಹೀಟರ್ ಎಲ್ಲಿಂದ ಬಂತು?

ನಾವು ಓಡಿಸುವ ಬಹುತೇಕ ಕಾರುಗಳಲ್ಲಿ ಎಂಜಿನ್ ತಂಪಾಗಿಸುವುದು ನೀರು, ಅಂದರೆ ಕೂಲೆಂಟ್. ಎಂಜಿನ್ ಸುತ್ತಿ ಬಿಸಿಯಾದ ಕೂಲೆಂಟ್ ಡ್ಯಾಶ್‌ಬೋರ್ಡ್ ಹಿಂದಿರುವ ಒಂದು ಪುಟ್ಟ ರೇಡಿಯೇಟರ್ ಮೂಲಕ ಹಾದುಹೋಗುತ್ತದೆ. ಅದರ ಮೇಲೆ ಫ್ಯಾನ್ ಗಾಳಿ ಬೀಸಿದರೆ ಒಳಗೆ ಬೆಚ್ಚಗಿನ ಗಾಳಿ ಬರುತ್ತದೆ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕೂಡ ನೀರಿನಿಂದಲೇ ತಣಿಯುವ ಎಂಜಿನ್ ಇದ್ದ ಕಾರುಗಳು.

ಜರ್ಮನಿಯ ಪೋರ್ಷೆ 911 ಹಾಗಲ್ಲ. 1963ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಷೋದಲ್ಲಿ 901 ಎಂಬ ಹೆಸರಿನಿಂದ ಇದು ಮೊದಲು ಕಾಣಿಸಿಕೊಂಡಿತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತನ್ನದು ಎಂದು ಫ್ರಾನ್ಸಿನ ಪ್ಯೂಜೊ ಕಂಪನಿ ಆಕ್ಷೇಪಿಸಿದ್ದರಿಂದ ಹೆಸರು 911 ಆಯಿತು. ಕಾರಿನ ಹಿಂಭಾಗದಲ್ಲಿ ಆರು ಸಿಲಿಂಡರ್‌ಗಳ ಎಂಜಿನ್. ಎಡಕ್ಕೆ ಮೂರು, ಬಲಕ್ಕೆ ಮೂರು ಸಿಲಿಂಡರ್ ಅಡ್ಡಡ್ಡ ಮಲಗಿರುತ್ತವೆ. ಅವನ್ನು ತಂಪು ಮಾಡುವುದು ದೊಡ್ಡ ಫ್ಯಾನ್ ಬೀಸುವ ಗಾಳಿ. ರೇಡಿಯೇಟರ್ ಇಲ್ಲ, ಕೂಲೆಂಟ್ ಇಲ್ಲ. 1990ರ ದಶಕದ ಕೊನೆಯವರೆಗೂ 911 ಹೀಗೆಯೇ ಇತ್ತು. ಅದಕ್ಕಿಂತ ಮೊದಲಿನ ಫೋಕ್ಸ್‌ವ್ಯಾಗನ್ ಬೀಟಲ್ ಕೂಡ ಇದೇ ಬಗೆಯದು.

ಹಾಗಾದರೆ ಜರ್ಮನಿಯ ಚಳಿಗಾಲದಲ್ಲಿ ಒಳಗೆ ಕೂತವರಿಗೆ ಬಿಸಿಗಾಳಿ ಎಲ್ಲಿಂದ? ಎಂಜಿನಿಯರ್‌ಗಳು ಕಂಡುಕೊಂಡ ಉಪಾಯ ಸರಳ. ಎಂಜಿನ್‌ನಿಂದ ಹೊರಬರುವ ಹೊಗೆಯ ಪೈಪ್ ಹೇಗೂ ಕೆಂಡದಂತೆ ಕಾದಿರುತ್ತದೆ. ಆ ಪೈಪ್‌ಗಳ ಸುತ್ತ ಒಂದು ತಗಡಿನ ಕವಚ ಕೂರಿಸಿದರು. ಎಂಜಿನ್ ಫ್ಯಾನ್‌ನ ಗಾಳಿಯಲ್ಲಿ ಒಂದು ಪಾಲನ್ನು ಪೈಪ್ ಮತ್ತು ಕವಚದ ನಡುವಿನ ಸಂದಿಯಲ್ಲಿ ಹಾಯಿಸಿದರು. ಗಾಳಿ ಬಿಸಿಯಾಗಿ ನಾಳಗಳ ಮೂಲಕ ಕಾರಿನೊಳಗೆ ಬರುತ್ತದೆ. ಇದೇ ಹೀಟ್ ಎಕ್ಸ್‌ಚೇಂಜರ್. ಎಡಕ್ಕೊಂದು, ಬಲಕ್ಕೊಂದು. ಸೀಟುಗಳ ನಡುವಿನ ಲಿವರ್ ಎಳೆದರೆ ಗಾಳಿ ಒಳಗೆ, ಇಳಿಸಿದರೆ ಕಾರಿನ ಅಡಿಗೆ.

ಗಮನಿಸಬೇಕಾದ ಸಂಗತಿ ಇಷ್ಟೇ: ಪೈಪ್‌ನ ಒಳಗೆ ವಿಷದ ಹೊಗೆ, ಹೊರಗೆ ನಾವು ಉಸಿರಾಡುವ ಗಾಳಿ. ನಡುವೆ ಇರುವುದು ತೆಳುವಾದ ಒಂದು ಉಕ್ಕಿನ ಗೋಡೆ ಮಾತ್ರ.

ಆ ಗೋಡೆ ತೂತಾಗುವುದು ಹೇಗೆ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಪೆಟ್ರೋಲ್‌ನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ಹನಿ ಬೀಳುವುದು ಇದೇ ನೀರು. ದೂರ ಓಡಿಸಿದರೆ ಪೈಪ್ ಚೆನ್ನಾಗಿ ಕಾದು ಆವಿಯಾಗಿ ಹೋಗುತ್ತದೆ. ಹತ್ತಿರದ ಅಂಗಡಿಗೆ ಹೋಗಿ ಬಂದು ನಿಲ್ಲಿಸಿದರೆ ಪೈಪ್‌ನೊಳಗೇ ಉಳಿದು ತುಕ್ಕು ಹಿಡಿಸುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಬದುಕೇ ಹಾಗೆ: ತಿಂಗಳಿಗೊಮ್ಮೆ ಹೊರಗೆ ತೆಗೆದು, ಒಂದು ಸುತ್ತು ಹಾಕಿ, ಮತ್ತೆ ಮುಚ್ಚಿಡುವುದು.

ಹೊರಗಿನಿಂದ ಇನ್ನೊಂದು ಶತ್ರು. ಯುರೋಪ್, ಅಮೆರಿಕದ ಚಳಿ ಪ್ರದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ಉಕ್ಕನ್ನು ಬೇಗ ತಿನ್ನುತ್ತದೆ. ಜೊತೆಗೆ ಪ್ರತಿ ಸಲ ಎಂಜಿನ್ ಕಾದಾಗ ಲೋಹ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ವೆಲ್ಡಿಂಗ್ ಮಾಡಿದ ಜಾಗಗಳಲ್ಲಿ ಬಿರುಕು ಬಿಡುವುದು ಸಹಜ.

ಹೊರಗಿನ ಕವಚಕ್ಕೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಅದರಿಂದ ಬಿಸಿಗಾಳಿ ಪೋಲಾಗುತ್ತದೆ, ಅಷ್ಟೆ. ಅಪಾಯ ಇರುವುದು ಕವಚದ ಒಳಗಿನ ಪೈಪ್‌ನಲ್ಲಿ. ಅಲ್ಲಿ ಬಿರುಕು ಬಿಟ್ಟರೆ ಹೊರಗಿನಿಂದ ಕಾಣುವುದಿಲ್ಲ. ಪ್ರತಿ ಸಿಲಿಂಡರ್ ಹೊಗೆ ಉಗುಳಿದಾಗಲೂ ಆ ಒತ್ತಡಕ್ಕೆ ಒಂದಿಷ್ಟು ಹೊಗೆ ಹೀಟರ್ ಗಾಳಿಗೆ ಸೇರಿಕೊಂಡು ನೇರವಾಗಿ ಕಾರಿನೊಳಗೆ ಬರುತ್ತದೆ.

ಹಾಗಾಗಿ ಹಳೆಯ ಏರ್‌ಕೂಲ್ಡ್ ಕಾರುಗಳ ಮಟ್ಟಿಗೆ ‘ಹೀಟರ್‌ನಿಂದ ವಿಷಗಾಳಿ ಬರಬಹುದು’ ಎಂಬ ಮಾತು ನಿಜ. ಆದರೆ ತಪ್ಪು ಹೀಟರ್‌ನದ್ದಲ್ಲ, ತೂತಾದ ಪೈಪ್‌ನದ್ದು.

ಎಷ್ಟು ಹೊಗೆ ಸೋರಿದರೆ ಅಪಾಯ?

ಹೊಗೆಯಲ್ಲಿ ನಮ್ಮನ್ನು ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್. ಇಂಧನ ಪೂರ್ತಿ ಉರಿಯದಿದ್ದಾಗ ಹುಟ್ಟುವ ಅನಿಲ ಇದು. ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲೆಲ್ಲ ಇಳಿಯದೇ ಕೂತ ಪ್ರಯಾಣಿಕರಂತೆ. ಆಮ್ಲಜನಕ ಹೊರಗೆ ನಿಂತಿರುತ್ತದೆ, ಹತ್ತಲು ಜಾಗವಿರುವುದಿಲ್ಲ.

ಕೆಟಲಿಟಿಕ್ ಕನ್ವರ್ಟರ್ ಇಲ್ಲದ ಹಳೆಯ ಪೆಟ್ರೋಲ್ ಎಂಜಿನ್‌ನ ಹೊಗೆಯಲ್ಲಿ ಶೇಕಡಾ 3ರಷ್ಟು ಕಾರ್ಬನ್ ಮೊನಾಕ್ಸೈಡ್ ಇರುವುದು ಅಪರೂಪವಲ್ಲ. ಅಂದರೆ ಹತ್ತು ಲಕ್ಷ ಪಾಲಿನಲ್ಲಿ 30,000 ಪಾಲು. ಇಂಥ ಒಂದು ಲೀಟರ್ ಹೊಗೆ ನೂರು ಲೀಟರ್ ಶುದ್ಧ ಗಾಳಿಗೆ ಬೆರೆತರೂ ಆ ಗಾಳಿಯಲ್ಲಿ ಸುಮಾರು 300 ಪಾಲು ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 15 ನಿಮಿಷ ಉಸಿರಾಡಬಹುದಾದ ಮಿತಿ ಘನಮೀಟರ್‌ಗೆ 100 ಮಿಲಿಗ್ರಾಂ, ಅಂದರೆ ಹತ್ತು ಲಕ್ಷಕ್ಕೆ ಸುಮಾರು 87 ಪಾಲು. ನೂರರಲ್ಲಿ ಒಂದು ಪಾಲು ಸೋರಿಕೆ ಎಂದರೆ ಲೆಕ್ಕಕ್ಕಿಲ್ಲದ್ದು ಎನಿಸಬಹುದು. ಆದರೆ ಅದು ಮಿತಿಯ ಮೂರು ಪಟ್ಟಿಗೂ ಹೆಚ್ಚು.

ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸುವಿಕೆ, ನಿದ್ದೆ ಬಂದಂತೆ ಮಂಪರು. ಬಳಿಕ ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದು. ಗಾಡಿ ಓಡಿಸುವವನಿಗೆ ಗೊಂದಲದ ಹಂತವೇ ಸಾಕು. ‘ಏನೋ ಸರಿಯಿಲ್ಲ, ಗಾಡಿ ನಿಲ್ಲಿಸೋಣ’ ಎಂದು ಯೋಚಿಸುವ ಶಕ್ತಿಯನ್ನೇ ಇದು ಮೊದಲು ಕಸಿದುಕೊಳ್ಳುತ್ತದೆ.

ಇದು ಬರೀ ಪುಸ್ತಕದ ಮಾತೇ?

ಅಲ್ಲ. 2019ರ ಜನವರಿ 21ರಂದು ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಫ್ರಾನ್ಸಿನ ನಾಂಟ್‌ನಿಂದ ಬ್ರಿಟನ್ನಿನ ಕಾರ್ಡಿಫ್‌ಗೆ ಹೊರಟಿದ್ದ ಪುಟ್ಟ ಪೈಪರ್ ಮಾಲಿಬು ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು. ಸಾಲಾ ಅವರ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಪ್ರಮಾಣ ಶೇಕಡಾ 58 ಇದ್ದದ್ದು ತನಿಖೆಯಲ್ಲಿ ಕಂಡುಬಂತು. ಎಕ್ಸಾಸ್ಟ್ ವ್ಯವಸ್ಥೆಯಿಂದ ಹೊಗೆ ಕ್ಯಾಬಿನ್‌ಗೆ ನುಗ್ಗಿ, ಪೈಲಟ್ ಕೂಡ ಬಹುಶಃ ಅದರ ಪ್ರಭಾವಕ್ಕೆ ಒಳಗಾಗಿದ್ದರು ಎಂದು ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಸಂಸ್ಥೆ 2020ರ ವರದಿಯಲ್ಲಿ ಹೇಳಿತು. ಎಚ್ಚರಿಕೆಯ ಸದ್ದು ಮಾಡುವ ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್ ಆ ವಿಮಾನದಲ್ಲಿ ಇರಲಿಲ್ಲ.

ಪಿಸ್ಟನ್ ಎಂಜಿನ್ನಿನ ಇಂಥ ಪುಟ್ಟ ವಿಮಾನಗಳಲ್ಲಿ ಅನೇಕವು ಗಾಳಿಯಿಂದ ತಣಿಯುವ ಎಂಜಿನ್‌ನವು. ಕ್ಯಾಬಿನ್ ಬೆಚ್ಚಗಿಡಲು ಅವೂ ಎಕ್ಸಾಸ್ಟ್ ಪೈಪ್‌ಗೆ ಕವಚ ಹಾಕುವ ಉಪಾಯವನ್ನೇ ಬಳಸುತ್ತವೆ. ಹಳೆಯ 911ರ ಅಡಿಯಲ್ಲಿರುವುದೂ ಅದೇ ತತ್ವ.

ಹಾಗಾದರೆ ‘ಪೈಪ್ ಬದಲಿಸಿದರೆ ಪವರ್’ ಎಂಬ ಮಾತು?

ಇದರಲ್ಲೂ ಅರ್ಧ ಸತ್ಯವಿದೆ. ಸಿಲಿಂಡರ್‌ನಿಂದ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಪೈಪ್‌ಗಳ ಉದ್ದ, ಅಗಲ ಸರಿಯಾಗಿ ಹೊಂದಿದ್ದರೆ ಒಂದು ಸಿಲಿಂಡರ್‌ನ ಅಲೆ ಮುಂದೆ ಹೋಗುವಾಗ ಹಿಂದೆ ಬಿಡುವ ಕಡಿಮೆ ಒತ್ತಡ ಮುಂದಿನ ಸಿಲಿಂಡರ್‌ನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಹೆಡರ್ ಎಂದು ಕರೆಯುವ ಪೈಪ್‌ಗಳ ಗುಟ್ಟು ಇದೇ. 911ರಲ್ಲಿ ಎಡ ಮತ್ತು ಬಲದ ಸಿಲಿಂಡರ್‌ಗಳು ಒಂದಾದ ಮೇಲೊಂದು ಉರಿಯುವುದರಿಂದ, ಒಂದೊಂದು ಬದಿಯ ಮೂರು ಸಿಲಿಂಡರ್‌ಗಳ ಅಲೆಗಳು ಸಮ ಅಂತರದಲ್ಲಿ ಬರುತ್ತವೆ. ಮೂರು ಪೈಪ್ ಸೇರಿ ಒಂದಾಗುವ ಹೆಡರ್‌ಗೆ ಇದು ಹೇಳಿ ಮಾಡಿಸಿದಂತೆ.

1974ರವರೆಗಿನ 911ಗಳ ಹೀಟ್ ಎಕ್ಸ್‌ಚೇಂಜರ್ ಒಳಗಿನ ಪೈಪ್‌ಗಳೇ ಒಳ್ಳೆಯ ಹೆಡರ್‌ನಂತಿದ್ದವು. 1975ರ ಮಾದರಿಯಿಂದ ಹೊಗೆ ಮತ್ತು ಸದ್ದಿನ ನಿಯಮಗಳಿಗೆ ಹೊಂದಿಸಲು ವಿನ್ಯಾಸ ಬದಲಾಯಿತು. ಎಡಬದಿಯ ಹೊಗೆಯನ್ನು ಬಲಬದಿಗೆ ಸಾಗಿಸುವ ಅಡ್ಡ ಪೈಪ್ ಬಂತು. ಹರಿವು ಮೊದಲಿನಷ್ಟು ಸಲೀಸಾಗಿ ಉಳಿಯಲಿಲ್ಲ. ಅದಕ್ಕೇ ನಂತರದ ಕಾರುಗಳಿಗೂ ಹಳೆಯ ವಿನ್ಯಾಸದ ಎಕ್ಸ್‌ಚೇಂಜರ್‌ಗಳನ್ನು ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮಾಡಿಸಿ ಹಾಕುವವರಿದ್ದಾರೆ. ಅದಕ್ಕೆ ಸೈಲೆನ್ಸರ್ ಮತ್ತು ಕೆಲವು ಆಯಿಲ್ ಪೈಪ್‌ಗಳನ್ನೂ ಬದಲಿಸಬೇಕಾಗುತ್ತದೆ.

ಇದರಿಂದ ಎಂಜಿನ್ ಸ್ವಲ್ಪ ಚುರುಕಾಗುವುದು ನಿಜ. ಆದರೆ ‘ಎಲ್ಲಿಂದೆಲ್ಲಿಗೋ’ ಅಲ್ಲ. ಎಂಜಿನ್ ಎಳೆದುಕೊಳ್ಳುವ ಗಾಳಿ ಮತ್ತು ಇಂಧನ ಅಷ್ಟೇ ಇದ್ದಾಗ ಬರೀ ಹೊರದಾರಿ ಅಗಲ ಮಾಡಿ ಪವಾಡ ಆಗುವುದಿಲ್ಲ. ಸದ್ದು ಜೋರಾದರೆ ವೇಗ ಹೆಚ್ಚಾಯಿತು ಎಂದು ಕಿವಿ ನಂಬುತ್ತದೆ, ಅಷ್ಟೆ.

ಇನ್ನೊಂದು ವಿಷಯವನ್ನು ವಿಡಿಯೊಗಳು ಹೇಳುವುದಿಲ್ಲ. ರೇಸ್‌ಗಾಗಿ ಮಾಡಿದ ಬರೀ ಹೆಡರ್‌ಗಳಿಗೆ ಕವಚ ಇರುವುದಿಲ್ಲ. ಅವನ್ನು ಹಾಕಿದರೆ ಹೀಟರೇ ಇಲ್ಲ. ವಿಷಗಾಳಿಯ ಒಂದು ದಾರಿ ಮುಚ್ಚಿತು ನಿಜ, ಆದರೆ ಚಳಿ ದೇಶದಲ್ಲಿ ಮುಂದಿನ ಗಾಜಿಗೆ ಕೂತ ಮಂಜು ಒರೆಸುವ ಬಿಸಿಗಾಳಿಯೂ ಹೋಯಿತು. ರಸ್ತೆ ಕಾಣದ ಡ್ರೈವರ್ ಕೂಡ ಅಪಾಯವೇ.

ಬದಲಿಸುವ ಕೆಲಸ ಎಷ್ಟು ಕಷ್ಟ?

ಚಿತ್ರ ನೋಡಿದರೆ ಹನ್ನೆರಡು ನಟ್ ಬಿಚ್ಚಿ, ಹಳೆಯದನ್ನು ಇಳಿಸಿ, ಹೊಸದನ್ನು ಏರಿಸಿದರೆ ಮುಗಿಯಿತು ಎನಿಸುತ್ತದೆ. ಕಷ್ಟ ಇರುವುದೇ ಆ ನಟ್‌ಗಳಲ್ಲಿ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಅದರಲ್ಲಿ ಕೂರಿಸಿದ ಸ್ಟಡ್ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನಲವತ್ತು ಐವತ್ತು ವರ್ಷ ಕಾದು, ಆರಿ, ತುಕ್ಕು ಹಿಡಿದು ನಟ್ ಮತ್ತು ಸ್ಟಡ್ ಒಂದೇ ತುಂಡಿನಂತಾಗಿರುತ್ತವೆ. ಸ್ಪ್ಯಾನರ್‌ಗೆ ಜೋರು ಕೊಟ್ಟರೆ ನಟ್ ತಿರುಗುವುದಿಲ್ಲ, ಸ್ಟಡ್ಡೇ ಮುರಿಯುತ್ತದೆ.

ಅನುಭವಿ ಮೆಕ್ಯಾನಿಕ್‌ಗಳು ಆತುರ ಪಡುವುದಿಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಾರೆ. ನಟ್ ಅನ್ನು ಗ್ಯಾಸ್ ಟಾರ್ಚ್‌ನಿಂದ ಕೆಂಪಗೆ ಕಾಯಿಸಿ, ಅದು ಹಿಗ್ಗಿ ಹಿಡಿತ ಸಡಿಲವಾದಾಗ ಹಿಂದೆ ಮುಂದೆ ಆಡಿಸುತ್ತಾ ಬಿಚ್ಚುತ್ತಾರೆ. ಸ್ಟಡ್ ಮುರಿದೇ ಹೋದರೆ ಉಳಿದ ತುಂಡಿನ ಮೇಲೆ ಹೊಸ ನಟ್ ವೆಲ್ಡ್ ಮಾಡಿ ತಿರುಗಿಸಿ ತೆಗೆಯುವುದು ಒಂದು ದಾರಿ. ಅದೂ ಆಗದಿದ್ದರೆ ಡ್ರಿಲ್ ಮಾಡಬೇಕು. ಡ್ರಿಲ್ ಸ್ವಲ್ಪ ಓರೆಯಾದರೂ ಸಿಲಿಂಡರ್ ಹೆಡ್ ಕೆಡುತ್ತದೆ, ಕೆಲವೊಮ್ಮೆ ಎಂಜಿನ್ ಕೆಳಗಿಳಿಸಬೇಕಾಗುತ್ತದೆ. ಪೆಟ್ರೋಲ್ ಪೈಪ್‌ಗಳ ಪಕ್ಕದಲ್ಲೇ ಬೆಂಕಿ ಹಿಡಿದು ಮಾಡುವ ಕೆಲಸ ಇದು. ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಅವನ್ನು ಒಣಗಿದಂತೆಯೇ ಉಜ್ಜಿ ದೂಳೆಬ್ಬಿಸಬಾರದು. ವಿಡಿಯೊ ನೋಡಿ ಮನೆಯಂಗಳದಲ್ಲಿ ಕಲಿಯುವ ಕೆಲಸವಲ್ಲ.

ತೂತಿಗೆ ಪೇಸ್ಟ್ ಮೆತ್ತಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಿಲಿಂಡರ್ ಪಕ್ಕದ ಪೈಪ್‌ನಲ್ಲಿ ಹೊಗೆಯ ಬಿಸಿ ಆರೇಳು ನೂರು ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಮಾಮೂಲಿ ಎಪಾಕ್ಸಿ ಅಲ್ಲಿ ಸುಟ್ಟು ಉದುರುತ್ತದೆ. ಕವಚದ ಒಳಗಿನ ಬಿರುಕಿಗಂತೂ ಕೈಯೇ ಎಟುಕುವುದಿಲ್ಲ.

ಸ್ಟೇನ್‌ಲೆಸ್ ಆದರೆ ಜೀವಮಾನ ಪೂರ್ತಿ ಚಿಂತೆಯಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳು ಪದರ ಕಟ್ಟಿ ತುಕ್ಕು ತಡೆಯುತ್ತದೆ. ಆದರೆ ಹಿಗ್ಗಿ ಕುಗ್ಗುವುದರಿಂದ ವೆಲ್ಡ್ ಬಳಿ ಬಿರುಕು ಅದಕ್ಕೂ ಬರಬಹುದು. ಹೊಸದಾಗಿ ಹಾಕಿದ್ದರೂ ತಪಾಸಣೆ ಬೇಕು. ಜರ್ಮನಿಯಲ್ಲಿ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ತಪಾಸಣೆಯಲ್ಲಿ ಎಕ್ಸಾಸ್ಟ್ ಸೋರಿಕೆಯನ್ನೂ ನೋಡುತ್ತಾರೆ.

ಎಕ್ಸ್‌ಚೇಂಜರ್ ಸರಿಯಿದ್ದೂ ಹೊಗೆ ಬರಬಹುದೇ?

ಬರಬಹುದು. ಈ ಕಾರುಗಳಲ್ಲಿ ಎಂಜಿನ್ ಸುತ್ತ ತಗಡು ಮತ್ತು ರಬ್ಬರ್ ಪಟ್ಟಿಗಳಿದ್ದು, ಮೇಲಿನ ತಂಪು ಗಾಳಿಯನ್ನು ಕೆಳಗಿನ ಹೊಗೆ, ಬಿಸಿಯಿಂದ ಬೇರೆ ಮಾಡುತ್ತವೆ. ರಬ್ಬರ್ ಹರಿದಿದ್ದರೆ ಕೆಳಗೆ ಸೋರಿದ ಹೊಗೆಯನ್ನು ಫ್ಯಾನೇ ಎಳೆದುಕೊಂಡು ಹೀಟರ್‌ಗೆ ಕಳಿಸುತ್ತದೆ. ಆದ್ದರಿಂದ ಪೈಪ್ ಬದಲಿಸುವಾಗ ಗ್ಯಾಸ್ಕೆಟ್, ರಬ್ಬರ್, ಗಾಳಿಯ ನಾಳ ಎಲ್ಲವನ್ನೂ ನೋಡಬೇಕು. ಕೊನೆಗೆ ಹೀಟರ್ ಪೂರ್ತಿ ತೆರೆದು, ಎಂಜಿನ್ ಓಡಿಸಿ, ಒಳಗೆ ಕಾರ್ಬನ್ ಮೊನಾಕ್ಸೈಡ್ ಮೀಟರ್ ಇಟ್ಟು ಪರೀಕ್ಷಿಸಬೇಕು.

ನಮ್ಮ ಕಾರುಗಳಿಗೆ ಇದು ಅನ್ವಯಿಸುತ್ತದೆಯೇ?

ಹೀಟರ್ ವಿಷಯದಲ್ಲಿ ಇಲ್ಲ. ನಮ್ಮ ಕಾರುಗಳ ಹೀಟರ್ ಕೂಲೆಂಟ್‌ನಿಂದ ಬಿಸಿಯಾಗುವುದು, ಹೊಗೆಯ ಪೈಪ್‌ನಿಂದಲ್ಲ. ಎಸಿ ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಕೂಡ ಬೇರೆ ಬೇರೆ. ಆದರೆ ಎಸಿ ಓಡಲು ಎಂಜಿನ್ ಓಡಬೇಕು. ನಿಂತ ಕಾರಿನಲ್ಲಿ ಗಂಟೆಗಟ್ಟಲೆ ಎಂಜಿನ್ ಓಡಿಸಿ ಮಲಗಿದರೆ, ಅದರಲ್ಲೂ ಮುಚ್ಚಿದ ಗ್ಯಾರೇಜ್‌ನಲ್ಲಿ, ಅಥವಾ ಸೈಲೆನ್ಸರ್ ಸೋರುತ್ತಿದ್ದರೆ, ಹೊಗೆ ಒಳಗೆ ಸೇರಿ ಪ್ರಾಣ ಹೋಗಬಹುದು. ಫಾರ್ವರ್ಡ್ ಕೊಡುವ ಎಚ್ಚರಿಕೆ ಸರಿ, ಹೇಳುವ ಕಾರಣ ತಪ್ಪು. ಕಾರಣ ತಪ್ಪಾದರೆ ಜನ ಎಸಿ ಆರಿಸಿ, ಎಂಜಿನ್ ಓಡಿಸುತ್ತಲೇ ಮಲಗುತ್ತಾರೆ. ಅಪಾಯ ಹಾಗೆಯೇ ಉಳಿಯುತ್ತದೆ.

ಹೊಸ ಕಾರುಗಳ ಕೆಟಲಿಟಿಕ್ ಕನ್ವರ್ಟರ್ ಈ ಅನಿಲವನ್ನು ಬಹಳಷ್ಟು ತಗ್ಗಿಸುತ್ತದೆ. ಆದರೆ ಅದು ಕಾಯುವವರೆಗೆ ಕೆಲಸ ಮಾಡುವುದಿಲ್ಲ. ‘ಬಿಎಸ್-6 ಕಾರು, ಏನೂ ಆಗಲ್ಲ’ ಎಂದು ಮುಚ್ಚಿದ ಗ್ಯಾರೇಜ್‌ನಲ್ಲಿ ಎಂಜಿನ್ ಓಡಿಸಬೇಡಿ.

ನಮ್ಮಲ್ಲಿ ಇದೇ ಅನಿಲ ಹೆಚ್ಚಾಗಿ ಹೊಂಚು ಹಾಕುವುದು ಬೇರೆ ಕಡೆ: ಕಿಟಕಿಯಿಲ್ಲದ ಬಚ್ಚಲುಮನೆಯ ಗ್ಯಾಸ್ ಗೀಸರ್, ಚಳಿಗೆ ಬಾಗಿಲು ಹಾಕಿ ಇಟ್ಟುಕೊಂಡ ಕೆಂಡದ ಅಗ್ಗಿಷ್ಟಿಕೆ, ಕರೆಂಟ್ ಹೋದಾಗ ಅಂಗಡಿಯೊಳಗೇ ಓಡಿಸುವ ಜನರೇಟರ್.

ನಾಲ್ಕು ತಪ್ಪು ನಂಬಿಕೆಗಳು

‘ವಾಸನೆ ಬಂದರೆ ಗೊತ್ತಾಗುತ್ತದೆ.’ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಕಾರಿನಲ್ಲಿ ಹೊಗೆಯ ವಾಸನೆ ಬಂದರೆ ಅದು ಜೊತೆಗಿರುವ ಬೇರೆ ಅನಿಲಗಳದ್ದು. ವಾಸನೆ ಬಂದರೆ ಅಪಾಯ ನಿಜ, ಬರದಿದ್ದರೆ ಸುರಕ್ಷಿತ ಎಂದಲ್ಲ.

‘ಭಾರವಾದ ಗಾಳಿ, ಕೆಳಗೆ ಕೂರುತ್ತದೆ, ಎತ್ತರದಲ್ಲಿ ಮಲಗಿದರೆ ಸಾಕು.’ ಇದು ಗಾಳಿಗಿಂತ ಸ್ವಲ್ಪ ಹಗುರ. ಕೋಣೆಯ ಗಾಳಿಯಲ್ಲಿ ಎಲ್ಲೆಡೆ ಬೆರೆತುಕೊಳ್ಳುತ್ತದೆ.

‘ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸುತ್ತಿದೆ, ಏನೂ ಆಗಿಲ್ಲ.’ ಮಾಮೂಲಿ ಆಕ್ಸಿಮೀಟರ್‌ಗೆ ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಇದಕ್ಕೆ ಆಸ್ಪತ್ರೆಯಲ್ಲಿ ಬೇರೆ ರಕ್ತಪರೀಕ್ಷೆ ಬೇಕು.

‘ನಿಂಬೆರಸ, ಮಜ್ಜಿಗೆ ಕುಡಿಸಿದರೆ ಇಳಿಯುತ್ತದೆ.’ ಇಳಿಯುವುದಿಲ್ಲ. ಪ್ರಜ್ಞೆ ತಪ್ಪಿದವರಿಗೆ ಕುಡಿಸಿದರೆ ಶ್ವಾಸನಾಳಕ್ಕೆ ಹೋಗುವ ಅಪಾಯ ಬೇರೆ. ಚಿಕಿತ್ಸೆ ಎಂದರೆ ಆಮ್ಲಜನಕ. ಮಾಮೂಲಿ ಗಾಳಿಯಲ್ಲಿ ರಕ್ತದಲ್ಲಿನ ಈ ಅನಿಲ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು.

ಏನು ಮಾಡಬೇಕು?

ಕಾರಿನಲ್ಲಿ ಕೂತವರಿಗೆಲ್ಲ ಒಟ್ಟಿಗೆ ತಲೆನೋವು, ಮಂಪರು ಬಂದರೆ ‘ಪ್ರಯಾಣದ ಸುಸ್ತು’ ಎಂದುಕೊಳ್ಳಬೇಡಿ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಕೆಳಗಿಳಿಯಿರಿ. ಯಾರಿಗಾದರೂ ಪ್ರಜ್ಞೆ ತಪ್ಪಿದ್ದರೆ ಹೊರಗಿನ ಗಾಳಿಗೆ ತಂದು 108ಕ್ಕೆ ಕರೆ ಮಾಡಿ. ಕಿಟಕಿ ತೆರೆದು ಓಡಿಸುವುದು ರಿಪೇರಿಯಲ್ಲ. ಓಡುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುವುದರಿಂದ, ಡಿಕ್ಕಿ ತೆರೆದಿದ್ದರೆ ಹೊಗೆ ಒಳಕ್ಕೇ ನುಗ್ಗಬಹುದು.

ಸೈಲೆನ್ಸರ್ ಸದ್ದು ಇದ್ದಕ್ಕಿದ್ದಂತೆ ಬದಲಾದರೆ ‘ಸ್ಪೋರ್ಟ್ಸ್ ಕಾರಿನ ಸೌಂಡ್ ಬಂತು’ ಎಂದು ಖುಷಿಪಡುವ ಬದಲು ಗ್ಯಾರೇಜ್‌ಗೆ ಒಯ್ಯಿರಿ. ಗ್ಯಾಸ್ ಗೀಸರ್ ಇರುವ ಮನೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ತಂದಿಡಿ. ಗೀಸರ್ ಅನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ.

ಮುಂದಿನ ಸಲ ‘ಕಾರಿನ ಎಸಿ ವಿಷ’ ಎಂಬ ಸಂದೇಶ ಬಂದರೆ ಹಾಗೆಯೇ ಮುಂದಕ್ಕೆ ಕಳಿಸಬೇಡಿ. ಒಂದು ಸಾಲು ತಿದ್ದಿ ಕಳಿಸಿ: ಕೊಲ್ಲುವುದು ಎಸಿ ಅಲ್ಲ, ಹೊಗೆ. ನಿಂತ ಕಾರಿನಲ್ಲಿ ಎಂಜಿನ್ ಆರಿಸಿಯೇ ಮಲಗಿ.